ಡೈರೆಕ್ಟರನ ಮುಂದಿನ ಸೀಟು

ಇಂಡಿಯಾನಾದ ನಮ್ಮ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಹಾಸ್ಕಿನ್ಸ್ ಅವರನ್ನು ಕ್ರೀಡಾ ವಿಭಾಗದ ಡೈರೆಕ್ಟರು ಅಂದು ಬೆಳಿಗ್ಗೆ ಕೆಲಸದಿಂದ ತೆಗೆದಿದ್ದರು. ಈ ವರ್ಷದ ಪಂದ್ಯಗಳ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಲೊರೀನ್, ವಿಲ್ಮಾ ಎಂಬ ಇಬ್ಬರು ಅಜ್ಜಿಯರಿದ್ದರು.

"ಹತ್ತೊಂಬತ್ತು ವರ್ಷ ದುಡಿದೋರನ್ನ ಒಂದು ಫೋನಲ್ಲಿ ಕಳಿಸಿಬಿಟ್ಟನಲ್ಲೇ ಆ ಡೈರೆಕ್ಟರು," ಎಂದರು ಲೊರೀನ್.

"ಮತ್ತೆ ಟಿಕೆಟ್ ಯಾಕೆ? ಮನೇಲಿರು."

"ಮನೇಲಿದ್ರೆ ಅವನಿಗೇ ಖುಷಿ. ನಮ್ಮ ಸೀಟಿನ ಹಿಂದೆ ಕೂರೋದು ಯಾರು ಹೇಳು?"

"ಅವನೇ."

"ನಮ್ಮೋರು ಮೊದಲ ಬಾಸ್ಕೆಟ್ ಹಾಕೋವರೆಗೂ ಎಲ್ಲರೂ ನಿಂತಿರ್ತೀವಲ್ಲ?"

"ಹಾಕಿದ ಮೇಲೆ ಕೂರ್ತೀವಿ."

"ಈ ವರ್ಷ ನಾನು ಕೂರಲ್ಲ."

"ಎರಡು ಗಂಟೆ ನಿನ್ನ ಮಂಡಿ ತಡೆಯುತ್ತಾ?"

"ಮಂಡಿಗೂ ಸಿಟ್ಟು ಬಂದಿದೆ ಕಣೇ."

ಅಷ್ಟರಲ್ಲಿ ಅವರ ಸರದಿ ಬಂತು. ವಿಲ್ಮಾ ಕಿಟಕಿಯತ್ತ ನಡೆದರು.

"ನಡಿ. ಅವನ ನೇರ ಮುಂದಿನ ಸೀಟು ನನಗಿರಲಿ. ನಿನಗಿಂತ ನಾನೇ ಅಗಲ."