ತೋಟದ ಸಾಹಿತಿ

ಬಾಳೆಲೆ ಊರಿಗೆ ಹೋಗುವ ಬಸ್ಸಿಗೆ ಕಾದು ಕೂತಿದ್ದ ದೇರಪ್ಪನವರು ಕಾಫಿ ಎಸ್ಟೇಟಿನ ರೈಟರ್. ಮೂವತ್ತು ವರ್ಷದಿಂದ ಆಳುಗಳ ಹಾಜರಿ ಬರೆಯುತ್ತಿದ್ದವರಿಗೆ ಪಕ್ಕದ ಬೆಂಚಿನಲ್ಲಿ ತಮ್ಮ ಕಸುಬಿನ ಮಾತು ಕೇಳಿ ಕಿವಿ ನೆಟ್ಟಗಾಯಿತು. ನೀಲಾವತಿ ಟೀಚರ್, ಪ್ರಜ್ಞೇಶ್ ಮೇಷ್ಟ್ರು ಒಂದೇ ಮೊಬೈಲಿನ ಮೇಲೆ ಬಗ್ಗಿದ್ದರು.

“ಇಂಟರ್‌ನೆಟ್ಟಲ್ಲಿ ಪಾಠ ಫ್ರೀಯಾಗಿ ಸಿಗ್ತದೆ, ತಪ್ಪಿದ್ರೆ ನಾವೇ ತಿದ್ಬಹುದು ಅಂದ್ರಲ್ಲ ಮೇಷ್ಟ್ರೇ, ಕೇಳಿ: ‘ತೋಟದಲ್ಲಿ ಬೆಳಿಗ್ಗೆ ಸಾಹಿತಿಗಳು ಹಾಜರಿ ಕರೆಯುತ್ತಾರೆ.’”

“ಅಯ್ಯೋ! ಇಂಗ್ಲಿಷ್ ಪಾಠದ ರೈಟರನ್ನ ಕನ್ನಡಕ್ಕೆ ತರುವಾಗ ಹೀಗೆ ಮಾಡಿದ್ದಾರಾ?”

“‘ಕಾರ್ಮಿಕರು ಗೆರೆಗಳಲ್ಲಿ ವಾಸಿಸುತ್ತಾರೆ.’”

“ಆಳುಗಳ ಸಾಲುಮನೆ, ಲೈನ್ ಮನೆ ಹೋಗಿ ಗೆರೆ ಆಯ್ತಾ!”

“ಇದಕ್ಕೆ ಒಬ್ರು ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ.”

“ಯಾರು ಮಾರಾಯ್ರೇ ಅದು?”

“ಕೆಳಗೆ ಹೆಸರುಂಟು. ನೀವೇ.”

ಮೇಷ್ಟ್ರು ಕೆಮ್ಮಿದರು. “ಚಿತ್ರಗಳು ಚೆನ್ನಾಗಿದ್ವು, ಟೀಚರ್.”

“ನಿಮ್ಮ ಸ್ಟಾರ್ ನಂಬಿ ನಾನು ಓದದೆ ಪ್ರಿಂಟ್ ತೆಗ್ದು ಮಕ್ಕಳಿಗೆ ಹಂಚಿಬಿಟ್ಟೆ. ಟೆಸ್ಟಲ್ಲಿ ‘ನಿಮಗೆ ಗೊತ್ತಿರುವ ಸಾಹಿತಿ ಯಾರು, ಅವರ ಕೃತಿ ಯಾವುದು’ ಅಂತ ಕೇಳಿದ್ರೆ ಮೋಕ್ಷಿತಾ ‘ನಮ್ಮಜ್ಜ’ ಅಂತ ಬರ್ದಿದ್ದಾಳೆ. ಕೃತಿ, ‘ಹಾಜರಿ ಪುಸ್ತಕ’.”

“ಮಾರ್ಕ್ ಕೊಟ್ರಾ?”

“ಪಾಠದಲ್ಲಿದ್ದದ್ದನ್ನೇ ಬರ್ದಿದ್ದಾಳೆ, ಕೊಡದೆ ಹೇಗೆ? ಮೊದ್ಲು ತಿದ್ದಿ.”

ಮೇಷ್ಟ್ರು ಅಲ್ಲೇ ಕೂತು ‘ರೈಟರ್’ ಎಂದು ತಿದ್ದಿದರು, ‘ಲೈನ್ ಮನೆ’ ಎಂದು ಸೇರಿಸಿದರು, ಈ ಸಲ ಪಾಠವನ್ನು ಕೊನೆಯವರೆಗೂ ಓದಿದರು. ಅಷ್ಟರಲ್ಲಿ ಕುಟ್ಟಕ್ಕೆ ಹೋಗುವ ಬಸ್ ಬಂತು. ಇಬ್ಬರೂ ಹತ್ತಿ ಹೋದರು.

ಮೋಕ್ಷಿತಾಳ ಅಜ್ಜ ದೇರಪ್ಪನವರು ಕಂಕುಳಲ್ಲಿದ್ದ ತಮ್ಮ ಕೃತಿಯನ್ನು ಸರಿಮಾಡಿಕೊಂಡರು. ಒಂದು ವಾರ ಬಿಟ್ಟು ತಿದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅಂದುಕೊಂಡರು.