ಬೀಗ ಹಾಕಿದ ನೆಟ್ ಡಬ್ಬಿ

ಇದು ನನ್ನ ಷಡ್ಡಕನಿಗೆ ಆದದ್ದು. ಸುಳ್ಳು ಅನ್ನುವವರು ಈಗಲೇ ಎದ್ದು ಹೋಗಿ ಮಲಗಬಹುದು. ದೆವ್ವದ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ. ನಾನು ಒಂದು ಸಲ ಕೆಮ್ಮಿದರೆ ದಾರಿ ಬಿಟ್ಟು ನಿಂತ ದೆವ್ವಗಳಿವೆ. ಆದರೆ ಇದು... ಇದು ನನ್ನ ಕೆಮ್ಮಿಗೂ ಬಗ್ಗುವಂಥದ್ದಲ್ಲ.

ಷಡ್ಡಕ ಬಡಗಿ. ಕೈ ಚಿನ್ನ, ತಲೆ ತುಂಬ ಅನುಮಾನ. ಯಾರಾದರೂ ನಮಸ್ಕಾರ ಅಂದರೆ, ಇವತ್ತು ಯಾಕೆ ಅಂದ ಅಂತ ರಾತ್ರಿಯೆಲ್ಲ ಹೊರಳಾಡುವ ಆಸಾಮಿ.

ಆ ರಾತ್ರಿ ಕೆಲಸ ಮುಗಿಸಿ ತಡವಾಗಿ ಮನೆಗೆ ಬರುತ್ತಿದ್ದ. ದಾರಿಯಲ್ಲೊಂದು ಹಳೆಯ ಬಾವಿ. ನೀರು ಬತ್ತಿದೆ, ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ರಾಟೆ ಮಾತ್ರ ಹಾಗೇ ನೇತಾಡುತ್ತಿದೆ, ಹಗ್ಗವಿಲ್ಲ. ಬಾವಿ ದಾಟುವಾಗ... ಕಿಂಯ್... ಕಿಂಯ್... ಗಾಳಿ ಇಲ್ಲ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಇವನು ನಿಂತ. ರಾಟೆಯೂ ನಿಂತಿತು. ಹೆಜ್ಜೆ ಇಟ್ಟ. ಬೆನ್ನ ಹಿಂದೆ ಮತ್ತೆ... ಕಿಂಯ್.

ಓಡಲಿಲ್ಲ, ಬಿರುಸಾಗಿ ನಡೆದೆ ಅಂತ ಅವನು ಹೇಳುತ್ತಾನೆ. ಬೆಳಿಗ್ಗೆ ಒಂದು ಚಪ್ಪಲಿ ಬಾವಿಯ ಹತ್ತಿರ ಸಿಕ್ಕಿತು ಅಂತ ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಹೇಳುತ್ತಾಳೆ.

ಮನೆಯ ಕಿಟಕಿ ಕಂಡಾಗ ಇನ್ನೊಮ್ಮೆ ನಿಂತ. ನಡುಮನೆಯ ಕತ್ತಲಲ್ಲಿ ಹಸಿರು ದೀಪಗಳು ಪಿಳಿಪಿಳಿ ಅನ್ನುತ್ತಿದ್ದವು. ಅದು ನೆಟ್ ಡಬ್ಬಿ, ವೈಫೈ ಕೊಡುವಂಥದ್ದು. ತಾನೇ ಕೈಯಾರೆ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದ, ಬೆಳಿಗ್ಗೆಯೂ ಬೀಗ ಎಳೆದು ನೋಡಿ ಹೋಗಿದ್ದ. ಕೀಲಿ ಇನ್ನೂ ಕೊರಳಿನ ದಾರದಲ್ಲೇ ಇತ್ತು.

ನೆಟ್ ಡಬ್ಬಿಗೆ ಬೀಗ ಯಾಕೆ ಅಂತೀರಾ? ಅಲ್ಲೇ ಇರೋದು ಕತೆ.

ಬಡಗಿಗೆ ಒಬ್ಬಳೇ ಮಗಳು. ಹುಟ್ಟಿನಿಂದ ಕಿವಿ ಕೇಳದು, ಮಾತೆಲ್ಲ ಕೈಯಲ್ಲೇ. ಅವಳನ್ನು ಎಲ್ಲರೂ ಚಿಟ್ಟೆ ಅಂತಾರೆ. ಆ ಹೆಸರಿಟ್ಟವಳು ಅಜ್ಜಿ, ಬಡಗಿಯ ತಾಯಿ. ಎರಡೂ ಹೆಬ್ಬೆರಳು ಕೊಂಡಿ ಹಾಕಿ, ಉಳಿದ ಬೆರಳುಗಳನ್ನು ರೆಕ್ಕೆಯ ಹಾಗೆ ಬಡಿಯುತ್ತಿದ್ದಳು. ಮೊಮ್ಮಗಳನ್ನು ಕರೆಯುವುದೇ ಹಾಗೆ. ಮುದುಕಿಯ ಬಲಗೈ ಕಿರುಬೆರಳು ಯಾವ ಕಾಲದಲ್ಲೋ ಗರಗಸಕ್ಕೆ ಹೋಗಿತ್ತು. ಹಾಗಾಗಿ ಅವಳ ಚಿಟ್ಟೆಗೆ ಒಂದು ಕಡೆ ರೆಕ್ಕೆ ಗಿಡ್ಡ. ನಡುಮನೆಯ ಸ್ಟೂಲಿನ ಮೇಲೆ ಕೂತು, ಲಟಲಟ ಅಂತ ಬೆರಳು ಲಟಿಕೆ ಮುರಿದು, ಆಮೇಲೆ ಮಾತಿಗೆ ಶುರು ಮಾಡುತ್ತಿದ್ದಳು. ಕೈಮಾತಿನಲ್ಲಿ ಅವಳಷ್ಟು ವಾಚಾಳಿಯನ್ನು ನಾನು ಕಂಡಿಲ್ಲ. ಆ ಕೈಯಿಂದ ನಾನೇ ಬೈಸಿಕೊಂಡಿದ್ದೇನೆ! ಅವಳು ತೀರಿಕೊಂಡ ಮೇಲೆ ಸ್ಟೂಲು ಮೂಲೆ ಸೇರಿತು. ಮನೆಗೆ ನೆಟ್ ಬಂದದ್ದು ಆಮೇಲೆ.

ಬಂದದ್ದು ಒಬ್ಬ ಹುಡುಗನ ಸಲುವಾಗಿ. ದೂರದ ಊರಲ್ಲಿ ಗಡಿಯಾರ ರಿಪೇರಿ ಮಾಡುವವನು, ಅವನಿಗೂ ಕಿವಿ ಕೇಳದು. ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಂಡು ಕೈಯಲ್ಲೇ ಹರಟುತ್ತಿದ್ದರು. ನಮ್ಮ ನಿಮ್ಮಂಥವರು ಚಿತ್ರ ನಿಂತರೂ ಹಲೋ ಹಲೋ ಅಂತ ಕಿರುಚಿ ಸುಧಾರಿಸಿಕೊಳ್ಳಬಹುದು. ಅವರಿಗೆ ಚಿತ್ರ ನಿಂತರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ನೆಟ್ ಹಾಕುವವನು ಮೊದಲ ದಿನವೇ ಹೇಳಿದ್ದ. "ಅಣ್ಣಾ, ಡಬ್ಬಿ ಮನೆ ಮಧ್ಯ ಇರ್ಲಿ. ಸ್ವಲ್ಪ ಎತ್ತರದಲ್ಲಿ, ಸುತ್ತ ಏನೂ ಅಡ್ಡ ಇರಬಾರದು. ಆಗ ವಿಡಿಯೋ ನೀರು ಹರಿದ ಹಾಗೆ ಬರತ್ತೆ."

ಬಡಗಿಗೆ ಅಲ್ಲೇ ಅನುಮಾನ. ಮಧ್ಯ ಯಾಕೆ? ಎತ್ತರ ಯಾಕೆ? ಮೇಲ್ಮನೆ ಬಾಡಿಗೆಯವನು ನಮ್ಮ ನೆಟ್ ಹೀರಲಿ ಅಂತ ತಾನೆ? ಇಬ್ಬರೂ ಒಳಗೊಳಗೇ ಒಂದಾಗಿದ್ದಾರೆ! ಕೂತು ತೇಗದ ಕಪಾಟು ಮಾಡಿದ. ಒಳಗೆಲ್ಲ ತಗಡು ಹೊಡೆದ. ವೈರಿಗೆ ಬೆರಳು ತೂರುವಷ್ಟೇ ತೂತು. ಡಬ್ಬಿ ಒಳಗಿಟ್ಟು ಬೀಗ ಹಾಕಿದ.

ನೆಟ್ ಹಾಕುವವನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಣ್ಣಾ ಇದು, ಡಬ್ಬಿಗೆ ಗೋರಿ ಕಟ್ಟಿದೀಯ!"

"ನಕ್ಕೋ ನಕ್ಕೋ. ನಿನ್ನ ಆಟ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಅಂದಿನಿಂದ ಚಿತ್ರ ಕುಂಟತೊಡಗಿತು. ಹುಡುಗನ ಮುಖ ಚೂರುಚೂರು. ಒಂದು ದಿನ ಅವನು, ಮನೆಯವರನ್ನು ಕರೆದುಕೊಂಡು ಬರಲಾ, ಮದುವೆ ಮಾತು ಮುಗಿಸೋಣವಾ ಅಂತ ಕೈಯಲ್ಲಿ ಕೇಳಿದ. ಇರು, ಅಪ್ಪನನ್ನು ಕೇಳುತ್ತೇನೆ ಅನ್ನಲು ಚಿಟ್ಟೆ ಅಂಗೈ ಎತ್ತಿದಳು. ಚಿತ್ರ ಅಲ್ಲೇ ಹೆಪ್ಪುಗಟ್ಟಿತು. ಹುಡುಗ ಕಂಡದ್ದು ಎತ್ತಿದ ಅಂಗೈ ಒಂದೇ. ಬೇಡ ಅಂದಳು ಅಂತ ಊಟ ಬಿಟ್ಟು ಮಲಗಿದನಂತೆ. ಅವನ ಅಕ್ಕ ಫೋನ್ ಮಾಡಿದಳು. "ನಾಳೆ ರಾತ್ರಿ ಇನ್ನೊಂದು ಸಲ ಮಾತಾಡ್ತಾನೆ. ಆಗ್ಲೂ ಹೀಗೇ ಆದ್ರೆ ನಾವು ಬೇರೆ ಕಡೆ ನೋಡ್ತೀವಿ. ಬೇಜಾರು ಮಾಡ್ಕೋಬೇಡಿ."

ಚಿಟ್ಟೆಯ ಕೈಗಳು ಅವತ್ತೆಲ್ಲ ಮಡಿಲಲ್ಲಿ ಸತ್ತ ಹಾಗೆ ಬಿದ್ದಿದ್ದವು. ಆದರೂ ಬಡಗಿ ಬೀಗ ತೆಗೆಯಲಿಲ್ಲ. ಹುಡುಗನೇ ನೆಟ್ಟಿನ ನೆಪ ಹೇಳಿ ನುಣುಚಿಕೊಳ್ಳುತ್ತಿದ್ದಾನೆ ಅಂತ ಈಗ ಅವನ ಮೇಲೂ ಅನುಮಾನ. ಇವನು ಬಾವಿ ದಾಟಿ ಬಂದದ್ದು ಅದೇ ರಾತ್ರಿ.

ಡಬ್ಬಿ ನಡುಮನೆಯ ಮಧ್ಯದಲ್ಲಿತ್ತು. ಅಜ್ಜಿಯ ಸ್ಟೂಲಿನ ಮೇಲೆ.

"ಯಾರೇ ಇದನ್ನ ತೆಗೆದದ್ದು?" ಹೆಂಡತಿಯನ್ನು ಎಬ್ಬಿಸಿ ಪಿಸುಗುಟ್ಟಿದ.

"ನಾನಂತೂ ಅಲ್ಲ."

"ಚಿಟ್ಟೆ?"

"ಅತ್ತೂ ಅತ್ತೂ ಮಲಗಿದಾಳೆ ಪಾಪ."

"ಹಂಗಾದ್ರೆ ಮೇಲಿನವನು!"

"ಅವನು ಊರಲ್ಲೇ ಇಲ್ಲ ರೀ. ಅದಿರ್ಲಿ... ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?"

ಬೀಗ ಎಳೆದು ನೋಡಿದ. ಹಾಕಿದ್ದು ಹಾಕಿದ ಹಾಗೇ. ವೈರು ತೂತಿನಿಂದ ಹೊರಗೆ ಬಂದಿತ್ತು. ಆ ತೂತಿನಲ್ಲಿ ಬೆರಳು ತೂರೀತು... ಡಬ್ಬಿ ತೂರೀತೇ?

ಮಾರನೆಯ ರಾತ್ರಿ ಕಳ್ಳನನ್ನು ಹಿಡಿದೇ ತೀರಬೇಕು ಅಂತ ಹಟ. ಡಬ್ಬಿಯನ್ನು ಮತ್ತೆ ಕಪಾಟಿಗೆ ತಳ್ಳಿ ಬೀಗ ಹಾಕಿದ. ಸ್ಟೂಲನ್ನು ಮೂಲೆಗಿಟ್ಟ. ನೆಲದ ತುಂಬ ಮರದ ಹುಡಿ ಚೆಲ್ಲಿದ, ಯಾರೇ ಬಂದರೂ ಹೆಜ್ಜೆ ಮೂಡಲಿ ಅಂತ. ದೀಪ ಆರಿಸಿ, ಕೊಡತಿ, ಅದೇ ಮರದ ಸುತ್ತಿಗೆ, ಹಿಡಿದು ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕೂತ. ಒಳಕೋಣೆಯಲ್ಲಿ ಚಿಟ್ಟೆ ಫೋನ್ ಎದುರಿಟ್ಟುಕೊಂಡು ಕಾಯುತ್ತಿದ್ದಳು.

ಏನೂ ಇಲ್ಲ. ಸೊಳ್ಳೆಯ ಗುಂಯ್ ಒಂದೇ. ಆಮೇಲೆ...

ಕಟಕ್.

ಅದು ಬೀಗ. ಕೊರಳು ಮುಟ್ಟಿ ನೋಡಿಕೊಂಡ. ಕೀಲಿ ಅಲ್ಲೇ ಇದೆ, ಬೆವರಿಗೆ ಒದ್ದೆಯಾಗಿದೆ.

ಗರ್... ಗರ್... ಗರ್...

ಸ್ಟೂಲು. ಮೂಲೆಯಿಂದ ನಡುಮನೆಗೆ. ನಿಂತು, ಉಸಿರು ಎಳೆದುಕೊಂಡು, ಮತ್ತೆ ಗರ್... ವಯಸ್ಸಾದವರು ಎಳೆದ ಹಾಗೆ.

ಆಮೇಲೆ ಮೆಲ್ಲಗೆ... ಲಟ... ಲಟ... ಲಟ...

ಹೆತ್ತ ತಾಯಿಯ ಸದ್ದು ಯಾರಿಗೆ ಗೊತ್ತಾಗುವುದಿಲ್ಲ? ಕೊಡತಿ ಕೈಜಾರಿ ಧೊಪ್ ಅಂತ ಬಿತ್ತು. ತಡಕಾಡಿ ದೀಪ ಹಾಕಿದ. ಡಬ್ಬಿ ಸ್ಟೂಲಿನ ಮೇಲೆ ಪಿಳಿಪಿಳಿ ಅನ್ನುತ್ತಿದೆ. ಬೀಗ ಹಾಕಿದ ಹಾಗೇ ಇದೆ. ಹುಡಿಯ ಮೇಲೆ ಸ್ಟೂಲಿನ ಕಾಲು ಎಳೆದ ಗೀಟುಗಳಿವೆ. ಹೆಜ್ಜೆ... ಒಂದೂ ಇಲ್ಲ.

ಒಳಗಿನಿಂದ ಚಿಟ್ಟೆಯ ನಗು ಕೇಳಿತು. ಗೋಡೆ ಹಿಡಿದುಕೊಂಡು ಹೋಗಿ ಇಣುಕಿದ. ಚಿತ್ರ ಅಂದರೆ ಚಿತ್ರ! ಹುಡುಗನ ರೆಪ್ಪೆ ಬಡಿಯುವುದು ಕೂಡ ಕಾಣುತ್ತಿದೆ. ಚಿಟ್ಟೆಯ ಕೈ ನಿಲ್ಲುತ್ತಿಲ್ಲ. ಆದರೆ ಹುಡುಗನ ಕಣ್ಣು ಅವಳ ಮೇಲಿಲ್ಲ. ಅವಳ ಹೆಗಲಿನಾಚೆ ಎಲ್ಲೋ ನೋಡುತ್ತಿದ್ದಾನೆ. ಹಿರಿಯರು ಹೇಳಿದ್ದಕ್ಕೆ ಹೂಂಗುಟ್ಟಿದ ಹಾಗೆ ತಲೆ ಆಡಿಸುತ್ತಿದ್ದಾನೆ. ಕೊನೆಗೆ ಆ ಕಡೆಗೇ ಕೈ ಮುಗಿದ.

ಚಿಟ್ಟೆಯ ಹಿಂದೆ ಬರೀ ಗೋಡೆ.

ಆಗಲೂ ನಮ್ಮ ಬಡಗಿಗೆ ಹೊಳೆದದ್ದೇನು ಗೊತ್ತಾ? ಈ ಹುಡುಗನ ಕೋಣೆಯಲ್ಲಿ ಬೇರೆ ಯಾರೋ ಹೆಂಗಸು ಇದ್ದಾಳೆ ಅಂತ!

ಮುಂದಿನ ವಾರ ಹುಡುಗ ಅಕ್ಕನ ಜೊತೆ ಬಂದ. ಮಾತು ಮುಗಿಸಲು ಹಿರಿಯರು ಬೇಕಲ್ಲ, ನಾನೂ ಹೋಗಿದ್ದೆ. ಹುಡುಗ ಹೊಸಿಲು ದಾಟಿದ. ಮೊದಲ ಸಲ ಚಿಟ್ಟೆಯನ್ನು ಎದುರೆದುರು ಕಂಡ. ಮುಖವೆಲ್ಲ ಅರಳಿತು. ಎರಡೂ ಹೆಬ್ಬೆರಳು ಕೊಂಡಿ ಹಾಕಿ ಅವಳ ಹೆಸರು ಕರೆದ.

ಬಲಗೈ ಕಿರುಬೆರಳು ಒಳಗೆ ಮಡಿಸಿಕೊಂಡಿದ್ದ.

ನಾದಿನಿಯ ಕೈಯಿಂದ ನೀರಿನ ಲೋಟ ಠಣ್ ಅಂತ ಬಿತ್ತು. ಬಡಗಿ ಮಗಳ ಕಡೆ ತಿರುಗಿ ಕೈಯಲ್ಲೇ ಕೇಳಿದ. "ನೀನು ಹೀಗೆ ಹೇಳಿಕೊಟ್ಯಾ?" ಅವಳು ಇಲ್ಲ ಅಂತ ತಲೆಯಾಡಿಸಿದಳು. ಅವಳು ತನ್ನ ಹೆಸರು ಹೇಳುವುದು ಹತ್ತೂ ಬೆರಳಲ್ಲಿ. "ಮತ್ತೆ ಯಾರು ಕಲಿಸಿದ್ದು, ಕೇಳು ಅವನನ್ನ."

ಕೇಳಿದಳು. ಹುಡುಗ ಇದೇನು ಪ್ರಶ್ನೆ ಅನ್ನುವ ಹಾಗೆ ನೋಡಿದ. ನಡುಮನೆಯಲ್ಲೆಲ್ಲ ಕಣ್ಣಾಡಿಸಿ, ಆ ಸ್ಟೂಲಿನ ಕಡೆ ಬೆರಳು ತೋರಿಸಿ, ಇದರ ಮೇಲೆ ಕೂತು ಮಾತಾಡುತ್ತಿದ್ದರಲ್ಲ, ಅವರು ಎಲ್ಲಿ ಅಂತ ಕೈಯಲ್ಲೇ ಕೇಳಿದ.



ಡಬ್ಬಿ ಇವತ್ತಿಗೂ ಆ ಸ್ಟೂಲಿನ ಮೇಲೇ ಇದೆ. ಆ ರಾತ್ರಿಯ ಮೇಲೆ ಕಪಾಟಿನ ಬೀಗವನ್ನು ಯಾರೂ ತೆಗೆದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಗಡಿಯಾರ ರಿಪೇರಿ ಮಾಡುವಾಗ ಬೆರಳಿಗೆ ಏಟಾಗಿ ಮಡಚಿಕೊಂಡಿರಬಹುದು ಅಂತ ನನಗೂ ಅನ್ನಿಸಿತ್ತು. ಅದಕ್ಕೇ ಹುಡುಗನ ಕೈಯನ್ನು ದೀಪದ ಕೆಳಗೆ ಹಿಡಿದು ನಾನೇ ನೋಡಿದೆ. ಮಡಿಸಿದೆ, ಬಿಡಿಸಿದೆ.

ಕಿರುಬೆರಳಿಗೆ ಏನೂ ಆಗಿಲ್ಲ.