ಹೊಗೆ ಕರಗುವ ಮುನ್ನ

ಉರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುತ್ತಿದ್ದ ಕದಿರಮ್ಮ, ಬುತ್ತಿ ಬಿಚ್ಚುವುದನ್ನೂ ಮರೆತು ಪಕ್ಕದ ಬೆಂಚಿಗೆ ಕಿವಿಗೊಟ್ಟಳು. ಗಣಿಯಲ್ಲಿ ದುಡಿದಿದ್ದ ಆರುಮುಗಂ ಮೇಲೆ, ನಕ್ಷತ್ರಗಳ ಸಂಶೋಧನೆ ಮಾಡುವ ಮಗಳು ತ್ರಿವೇಣಿ ಹರಿಹಾಯುತ್ತಿದ್ದಳು.

“ರಾತ್ರಿ ಫೋನು ಅಷ್ಟು ಸಲ ಬಡ್ಕೊಂಡ್ರೂ ಯಾಕಪ್ಪಾ ಎಬ್ಬಿಸ್ಲಿಲ್ಲ?”

“ನಾನೇ ಎತ್ತಿದೆ ಕಣಮ್ಮಾ. ಆಕಾಸ್ದಾಗೆ ಏನೋ ಸಿಡೀತು ಅಂದ್ರು. ಗಣೀಲಿ ಮದ್ದು ಸಿಡಿದ್ರೆ ಒಗೆ ಓಗೋಗಂಟ ಯಾರೂ ಒಳೀಕ್ ಓಗ್ತಿರ್ಲಿಲ್ಲ. ಬೆಳಗಾಗ್ಲಿ ಅಂದ್ಕೊಂಡೆ.”

“ನಂಗೆ ಬೇಕಾಗಿದ್ದೇ ಆ ಹೊಗೆ! ನಕ್ಷತ್ರ ಸಿಡಿದಾಗ ಎಕ್ಸ್‌-ರೇ ಮಿಂಚಿ ನಿಮಿಷದಲ್ಲಿ ಹೋಯ್ತು. ಹಿಂದೆ ಉಳಿದ ಬೆಳಕು ರಾತ್ರಿಯೆಲ್ಲ ಕರಗ್ತಾ ಇತ್ತು. ಟೆಲಿಸ್ಕೋಪು ಅತ್ತ ತಿರುಗ್ಸಿ ಅಂತ ನಾನೇ ಹೇಳ್ಬೇಕಿತ್ತು. ಈಗ ಸೂರ್ಯ ಬಂದ.”

ಆರುಮುಗಂ ಟವಲ್ಲಿನಿಂದ ಮುಖ ಒರೆಸಿಕೊಂಡ. “ಏನೂ ಉಳೀಲಿಲ್ವಾ?”

“ರೇಡಿಯೋ ಅಲೆ ಉಳಿದಿರ್ಬೋದು. ಅದು ತಡವಾಗಿ ಶುರುವಾಗ್ತದೆ, ಹಗಲಲ್ಲೂ ಸಿಗ್ತದೆ. ಅದನ್ನ ಹಿಡಿಯೋ ಟೆಲಿಸ್ಕೋಪು ಕೊಡಿ ಅಂತ ಕೇಳಿದೀನಿ. ಒಪ್ಕೊಂಡ್ರೆ ಫೋನ್ ಮಾಡ್ತಾರೆ.”

ರೈಲು ಬಂತು. ಇಬ್ಬರೂ ಎದ್ದು ಓಡುವಾಗ ಆರುಮುಗಂ ಹೊತ್ತಿದ್ದ ಚೀಲದೊಳಗೆ ಫೋನು ಕೂಗಿತು. ಅವನು ಚೀಲವನ್ನೇ ನೆಲಕ್ಕೆ ಸುರಿದು, ಫೋನು ಹುಡುಕಿ ಮಗಳ ಕೈಗೆ ತುರುಕಿದ.

ರೈಲು ಹತ್ತಿದ ಕದಿರಮ್ಮನಿಗೆ ಕೊನೆಗೆ ಕೇಳಿಸಿದ್ದು ಅವನ ಕೂಗು:

“ಓಗ್ಲಿ ಬಿಡು ರೈಲು, ಮಾತಾಡಮ್ಮಾ! ಒಗೆ ಇನ್ನೂ ಐತೆ!”